ಭಾಯ್ ಮೂಗು, ನನ್ನ ಸೆರಗು

ಕೆ.ಆರ್. ಪುರದ ಆಚೆ ನೀರಿನ ಟ್ಯಾಂಕು, ಬಾತ್‌ಟಬ್ಬು, ಫೈಬರ್ ಶೀಟು ಮಾಡೋ ಒಂದು ಶೆಡ್ಡಿನಲ್ಲಿ ನಾನು ಸೇಫ್ಟಿ ಆಫೀಸರು. ಬೆಳಿಗ್ಗೆ ಹೊಸ ತಿಪ್ಪಸಂದ್ರದಲ್ಲಿ ಬಸ್ಸು ಹತ್ತುವಾಗ ‘ಇವತ್ತಾದ್ರೂ ಏನೂ ಆಗದೇ ಇರಲಪ್ಪಾ’ ಅಂತ ಬೇಡಿಕೊಳ್ತೀನಿ. ಸಂಜೆ ಅದೇ ಬಸ್ಸಲ್ಲಿ ಒಬ್ಬಳೇ ನಗ್ತಾ ವಾಪಸ್ ಬರ್ತೀನಿ. ಪಕ್ಕದ ಸೀಟಿನವರು ಹೆದರಿಕೊಂಡು ಸ್ವಲ್ಪ ಸರಿದು ಕೂರೋದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಬಕೆಟ್ ಮೇಲಿನ ಮಂದಿ

ನಮ್ಮ ಕೆಲಸವೆಲ್ಲ ನಡೆಯೋದು ಸ್ಟೈರೀನ್ ಅನ್ನೋ ದ್ರವದ ಮೇಲೆ. ನೋಡೋಕೆ ನೀರಿನಷ್ಟೇ ತಿಳಿ, ಸಾಧು. ಜೇನಿನಷ್ಟು ಮಂದ ಇರೋ ರೆಸಿನ್ ಅನ್ನೋ ಅಂಟಿಗೆ ಬೆರೆಸಿದರೆ ಬ್ರಷ್ಷಲ್ಲಿ ಬಳಿಯೋ ಹದಕ್ಕೆ ಬರತ್ತೆ, ಆಮೇಲೆ ಎರಡೂ ಸೇರಿ ಗಟ್ಟಿ ಪ್ಲಾಸ್ಟಿಕ್ಕಾಗತ್ತೆ. ಆದರೆ ಮಹಾ ಕಿತಾಪತಿ ಸಾಮಾನು. ಕಿಡಿ ಸಿಕ್ಕರೆ ಹೊತ್ಕೊಳ್ಳತ್ತೆ. ಅದರ ಆವಿ ಕುಡಿದರೆ ಕಣ್ಣು ಉರಿ, ತಲೆ ಸುತ್ತು, ವರ್ಷಗಟ್ಟಲೆ ಕುಡಿದರೆ ನರಕ್ಕೇ ಏಟು. ಮೊದಲು ಸಿಹಿಸಿಹಿ ಘಾಟು ಹೊಡೆಯತ್ತೆ, ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಹೋಗಿ ಏನೂ ಗೊತ್ತಾಗಲ್ಲ.

ಕೆಲಸಕ್ಕೆ ಸೇರಿದ ದಿನವೇ ಇದನ್ನೆಲ್ಲ ವಿವರಿಸಿ, ಎಲ್ಲರೂ ಮಾಸ್ಕ್ ಹಾಕ್ಕೊಳ್ಳಿ ಅಂದೆ. ಹೆಡ್ ಮೇಸ್ತ್ರಿ ಮೀಸೆಯಲ್ಲೇ ನಕ್ಕರು. ಶಿವಾಜಿನಗರದವರು, ಮೂವತ್ತು ವರ್ಷದ ಅನುಭವ, ಎಲ್ಲರಿಗೂ ಭಾಯ್. “ಮೇಡಂ, ನನ್ನ ಮೂಗೇ ಮೀಟರು,” ಅಂದರು. ಸುಳ್ಳೇನಲ್ಲ. ಅವರ ಬೀದಿಯಲ್ಲಿ ಯಾರದೇ ಮದುವೆಯಾಗಲಿ, ದಮ್ ಬಿರಿಯಾನಿ ಪಾತ್ರೆ ಇಳಿಸೋದು ಭಾಯ್ ಬಂದು ಮೂಸಿ ‘ಹೂಂ’ ಅಂದಮೇಲೇ.

“ಭಾಯ್, ಈ ಆವಿ ಗಾಳಿಗಿಂತ ಭಾರ. ನೆಲದಲ್ಲೇ ಹರ್ಕೊಂಡು ಹೋಗತ್ತೆ, ಎಲ್ಲೋ ದೂರದಲ್ಲಿ ಬೀಡಿ ಹಚ್ಚಿದ್ರೂ ಇಲ್ಲಿಗೆ ಬೆಂಕಿ ಬರತ್ತೆ,” ಅಂತ ಹೆದರಿಸಿದೆ.

ಅವರು ಬಹಳ ಗಂಭೀರವಾಗಿ ತಲೆಯಾಡಿಸಿದರು. ಮಾರನೇ ದಿನ ಬಂದು ನೋಡ್ತೀನಿ, ಅಷ್ಟೂ ಜನ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು ಕೆಲಸ ಮಾಡ್ತಿದ್ದಾರೆ, ಒಬ್ಬರ ಮುಖದಲ್ಲೂ ಮಾಸ್ಕ್ ಇಲ್ಲ. “ಆವಿ ಕೆಳಗೆ, ಮೂಗು ಮೇಲೆ. ನೀವೇ ಹೇಳಿದ್ದಲ್ವಾ ಮೇಡಂ?” ಅಂದರು ಭಾಯ್.

ಅಷ್ಟರಲ್ಲಿ ಟೀ ತಂದವರು ಬಾಗಿಲಲ್ಲೇ ನಿಂತು, ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಕೇಳಿದರು: “ಮತ್ತೆ ಮಳೆ ನೀರು ನುಗ್ತಾ ಮೇಡಂ?”

ಒಳ್ಳೇ ಐಟಂ

ಧಣಿಗಳ ಕಾಲು ಹಿಡಿದು ಒಳ್ಳೇ ಫಿಲ್ಟರ್ ಮಾಸ್ಕ್ ತರಿಸಿದೆ. ವಾರ ಕಳೆಯಿತು, ಭಾಯ್ ಮುಖ ಖಾಲಿ.

“ಎಲ್ರೀ ಭಾಯ್ ಮಾಸ್ಕು?”

“ಮನೇಲಿದೆ ಮೇಡಂ. ಬಹಳ ಒಳ್ಳೇ ಐಟಂ. ನಮ್ಮ ಮನೆಯೋರು ಒಣಮೆಣಸಿನಕಾಯಿ ಹುರೀವಾಗ ಹಾಕ್ಕೊಂಡ್ರು. ಒಂದು ಸೀನು ಇಲ್ಲ, ಒಂದು ಕೆಮ್ಮು ಇಲ್ಲ! ನಿಮಗೆ ದುವಾ ಮಾಡ್ತಿದ್ದಾರೆ.”

“ಅದು ನಿಮ್ಮ ಪ್ರಾಣ ಉಳಿಸೋಕೆ ಕೊಟ್ಟಿದ್ದು!”

“ಅದೇ ಮೇಡಂ, ಅವರು ಕೆಮ್ಮಿದ್ರೆ ಬೈಸ್ಕೊಳ್ಳೋನು ನಾನೇ. ಇನ್ನೊಂದು ಕೊಡಿ, ನಾದಿನಿ ಕೇಳ್ತಿದ್ದಾಳೆ.”

ಬುರುಡೆ ಮಹಿಮೆ

ಶೆಡ್ಡಿನ ಹಿಂದಿನ ಮನೆಯ ಆಂಟಿಗೆ ನಮ್ಮ ಖಾಲಿ ಡ್ರಮ್ಮಿನ ಮೇಲೆ ಕಣ್ಣು. ಕಾವೇರಿ ನೀರು ಬರೋದು ವಾರಕ್ಕೆರಡು ಸಲ, ತುಂಬಿಡೋಕೆ ಬೇಕಂತೆ. “ತೊಳೆದ್ರೂ ವಿಷ ಹೋಗಲ್ಲ ಆಂಟಿ, ಖಾಲಿ ಡ್ರಮ್ಮಲ್ಲೂ ಆವಿ ಇರತ್ತೆ,” ಅಂದರೆ, “ಸೋಪು ಹಾಕಿ ತೊಳೀತೀನಮ್ಮಾ,” ಅಂತಾರೆ. ರೋಸಿಹೋಗಿ ಎಲ್ಲಾ ಡ್ರಮ್ಮಿಗೂ ಬುರುಡೆ, ಎರಡು ಮೂಳೆ ಇರೋ ದೊಡ್ಡ ಸ್ಟಿಕ್ಕರ್ ಅಂಟಿಸಿದೆ.

ಆಂಟಿ ಬಂದು ಬುರುಡೆಯನ್ನು ಬಹಳ ಹೊತ್ತು ನೋಡಿದರು. ಸದ್ಯ, ಹೆದರಿದರು ಅಂದುಕೊಂಡೆ.

“ಡ್ರಮ್ ಬೇಡಮ್ಮ. ಈ ಸ್ಟಿಕ್ಕರ್ ಒಂದೆರಡು ಕೊಡು, ಹೊಸದಾಗಿ ಮೇಲೆ ಮನೆ ಕಟ್ಟಿದೀವಿ, ದೃಷ್ಟಿ ಆಗ್ತಿದೆ.”

ಕೊಟ್ಟೆ, ಪೀಡೆ ತೊಲಗಲಿ ಅಂತ. ಈಗ ಅವರ ಗೇಟಿನ ಮೇಲೆ ಬುರುಡೆ ಹಲ್ಲು ಕಿರೀತಿದೆ. ದೃಷ್ಟಿ ಹೋಯಿತೋ ಇಲ್ಲವೋ ಗೊತ್ತಿಲ್ಲ, ಗೇಟಿನ ಮುಂದೆ ಗಾಡಿ ನಿಲ್ಲಿಸೋದು ಮಾತ್ರ ಪೂರ್ತಿ ನಿಂತುಹೋಯ್ತು.

ಇಂಗಿನ ಪರೀಕ್ಷೆ

ಒಂದು ಮಧ್ಯಾಹ್ನ ಭಾಯ್ ಡಬ್ಬಿ ತೆರೆದರು. ಪಲ್ಯ ಹಳಸಿ ನಾತ ನನ್ನ ಟೇಬಲ್ಲಿನವರೆಗೂ ಬಂತು. ಭಾಯ್ ಮಾತ್ರ ಆರಾಮಾಗಿ ರೊಟ್ಟಿ ಮುರೀತಿದ್ದಾರೆ. ಈ ಮೂಗಿಗೆ ಏನೋ ಆಗಿದೆ ಅನ್ನಿಸಿತು. ಡಬ್ಬಿ ಕಿತ್ತುಕೊಂಡು, ಕಣ್ಣು ಮುಚ್ಚಿ ಅಂತ ಹೇಳಿ, ಮಜ್ಜಿಗೆಗೆ ಅಂತ ನನ್ನ ಬ್ಯಾಗಲ್ಲಿದ್ದ ಇಂಗಿನ ಡಬ್ಬಿ ಅವರ ಮೂಗಿಗೆ ಹಿಡಿದೆ.

ಭಾಯ್ ದೀರ್ಘವಾಗಿ ಮೂಸಿದರು. “ಏಲಕ್ಕಿ,” ಅಂದರು, ಘನವಾಗಿ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಭಾಯ್ ಕಣ್ಣು ಬಿಟ್ಟು ಇಂಗಿನ ಡಬ್ಬಿ ನೋಡಿದರು, ಮುಖ ಇಳಿದುಹೋಯ್ತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. “ಆರು ತಿಂಗಳಿಂದ ಹಿಂಗೇ ಮೇಡಂ. ನೆಗಡಿ ಅಂತ ಹೇಳ್ಕೊಂಡು ತಿರುಗ್ತಿದೀನಿ. ಬರೋ ಭಾನುವಾರ ಮಗಳ ಮದುವೆ. ಊರೋರ ಬಿರಿಯಾನಿ ಎಲ್ಲಾ ಮೂಸಿ, ನನ್ನ ಮಗಳ ಮದುವೇಲೇ ತಳ ಹಿಡಿಸಿದ್ರೆ ಬೀದೀಲಿ ಹೆಂಗೆ ಓಡಾಡ್ಲಿ?”

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂತು. “ಬಾಯಿ ಬಡ್ಕೊಂಡೆ ಅಲ್ವೇನ್ರೀ ಮಾಸ್ಕ್ ಹಾಕಿ ಅಂತ!”

“ಸೋಮವಾರದಿಂದ ಹಾಕ್ತೀನಿ, ಖುದಾ ಕಸಮ್. ಭಾನುವಾರ ನಿಮ್ಮ ಮೂಗು ಕೊಡಿ.”

“ನಾನು ಮೊಟ್ಟೇನೂ ಮುಟ್ಟದವಳು ಭಾಯ್!”

“ತಿನ್ನೋಕೆ ಯಾರು ಹೇಳಿದ್ರು? ಬರೀ ಮೂಸಿ.”

ಭಾನುವಾರ

ಸ್ಟೈರೀನ್ ಬಗ್ಗೆ ನಾನು ಪಾಠ ಹೇಳಿದ ಹಾಗೇ ಭಾಯ್ ನನಗೆ ಬಿರಿಯಾನಿ ಪಾಠ ಹೇಳಿದರು. ಮೊದಲು ಪುದೀನ ಬರತ್ತೆ, ಆಮೇಲೆ ತುಪ್ಪ, ಕಡೆಗೆ ಕೇಸರಿ. ಕೇಸರಿ ಘಮ್ ಅಂದ ಕೂಡಲೇ ಇಳಿಸಬೇಕು, ಸ್ವಲ್ಪ ತಡವಾದ್ರೂ ತಳ ಸೀದುಹೋಗತ್ತೆ. ಆಗ ನಾನು ಸೆರಗು ಕೊಡವಬೇಕು. ಅದನ್ನ ನೋಡಿ ಭಾಯ್ ‘ಹೂಂ’ ಅಂತಾರೆ. ಮದುವೆ ಮನೇಲಿ ನನ್ನ ರೇಷ್ಮೆ ಸೀರೆ ನೋಡಿ ಅಡುಗೆಯವರು ಬೆಚ್ಚಿದಾಗ, “ಸೇಫ್ಟಿ ಚೆಕಿಂಗು,” ಅಂದರು ಭಾಯ್. ಅಡುಗೆಯವರು ಪಾಪ ಮನೆಬಳಕೆಯ ಗ್ಯಾಸ್ ಸಿಲಿಂಡರನ್ನೆಲ್ಲ ಮರೆಮಾಡಿದರು.

ಪಾತ್ರೆಗೆ ಹಿಟ್ಟು ಮೆತ್ತಿ ಮುಚ್ಚಳದ ಮೇಲೆ ಕೆಂಡ ಸುರಿದಿದ್ದರು. ಪುದೀನ ಬಂತು. ತುಪ್ಪ ಬಂತು. ಇನ್ನೇನು ಕೇಸರಿ ಅನ್ನುವಾಗ ಭಾಯ್ ಹೆಂಡತಿ ಓಡಿ ಬಂದು, “ಮಾಸ್ಕ್ ಕೊಟ್ಟ ಮೇಡಂ ನೀವೇನಾ!” ಅಂತ ತಬ್ಬಿಕೊಂಡು, ಮದುವೆ ಮನೆ ಮರ್ಯಾದೆ ಅಂತ ನನ್ನ ಕೈಗೆ, ಕತ್ತಿಗೆ, ಕಿವಿಗೆ ಧಾರಾಳವಾಗಿ ಅತ್ತರು ಹಚ್ಚಿ ಹೋದರು.

ಮುಗೀತು ಕಥೆ. ಪ್ರಪಂಚವೆಲ್ಲ ಅತ್ತರಿನ ಘಮ. ಭಾಯ್ ಕಣ್ಣು ನನ್ನ ಸೆರಗಿನ ಮೇಲೆ. ಹಣೆಯಲ್ಲಿ ಬೆವರು. ಒಳಗೆ ಊಟಕ್ಕೆ ಜನ ಕೂತಾಗಿದೆ. ಅಯ್ಯೋ ದೇವರೇ, ಈ ಮನುಷ್ಯನ ಮಾನ ನನ್ನ ಮೂಗಿನಿಂದ ಹೋಗತ್ತಲ್ಲಾ ಅಂತ ನಾನು ಪಾತ್ರೆ ಹತ್ತಿರ ಇನ್ನೂ ಬಗ್ಗಿದೆ. ಇನ್ನೂ ಬಗ್ಗಿದೆ. ಆಗ ಅತ್ತರನ್ನೂ ಮೀರಿ ಒಂದು ವಾಸನೆ ಬಂತು. ಸೀದ ವಾಸನೆ.

ಸೀದಿದ್ದು ಬಿರಿಯಾನಿಯಲ್ಲ. ಕೆಂಡದ ಮೇಲೆ ಬಿದ್ದ ನನ್ನ ಸೆರಗು.

“ಬೆಂಕೀ!” ಅಂತ ಕಿರುಚಿ ಸೆರಗು ಬಡಬಡ ಕೊಡವಿದೆ. ಭಾಯ್‌ಗೆ ಕಂಡಿದ್ದು ಸೆರಗಷ್ಟೇ. “ಹೂಂ! ಇಳಿಸ್ರೀ!” ಅಂತ ಗರ್ಜಿಸಿದರು. ಮದುವೆಗೆ ಬಂದಿದ್ದ ನಮ್ಮ ಶೆಡ್ಡಿನವರು, ನಾನು ತಿಂಗಳುಗಟ್ಟಲೆ ಫೈರ್ ಡ್ರಿಲ್ ಮಾಡಿಸಿದ್ದು ಸಾರ್ಥಕ ಅನ್ನೋ ಹಾಗೆ, ಒಬ್ಬರು ನನ್ನ ಮೇಲೆ ಒಂದು ಬಕೆಟ್ ನೀರು ಸುರಿದರು, ಉಳಿದವರು ಮದುಮಗನ ಸಮೇತ ಊಟಕ್ಕೆ ಕೂತವರನ್ನೆಲ್ಲ ರಸ್ತೆಗಿಳಿಸಿ ಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು.

ಆಮೇಲೆ ಮುಚ್ಚಳ ತೆಗೆದರು. ಒಂದೊಂದು ಅಗುಳೂ ಬಿಡಿಬಿಡಿ, ತಳ ಒಂದಿಷ್ಟೂ ಹಿಡಿದಿರಲಿಲ್ಲ. “ಏನ್ ಮೂಗಪ್ಪಾ ಭಾಯ್‌ದು! ಅಷ್ಟು ಗಲಾಟೇಲೂ ಸರಿಯಾದ ಹೊತ್ತಿಗೆ ಇಳಿಸಿದ್ರು,” ಅಂತ ಊರೆಲ್ಲಾ ಮಾತು. ಭಾಯ್ ಮಗಳನ್ನು ತಬ್ಬಿ ಗಳಗಳ ಅತ್ತರು. ನಾನೂ ತೊಪ್ಪೆಯಾಗಿ ನಿಂತು ಅತ್ತೆ, ಅರ್ಧ ಸಂತೋಷಕ್ಕೆ, ಅರ್ಧ ಸೀರೆಗೆ.

ಸೋಮವಾರ ಭಾಯ್ ಮಾಸ್ಕ್ ಹಾಕಿಕೊಂಡೇ ಗೇಟಿನೊಳಗೆ ಬಂದರು. ಅವತ್ತಿಂದ ಒಂದು ದಿನವೂ ತಪ್ಪಿಸಿಲ್ಲ. ಆವಿಯಿಂದ ದೂರ ಇದ್ದರೆ ವಾಸನೆ ವಾಪಸ್ ಬಂದರೂ ಬರಬಹುದು ಅಂದಿದ್ದಾರಂತೆ ಡಾಕ್ಟರು. ಮೊನ್ನೆ ನನ್ನ ಟೇಬಲ್ ಹತ್ತಿರ ಬಂದು, ಮಾಸ್ಕಿನೊಳಗಿಂದಲೇ ಗುಟ್ಟಾಗಿ ಹೇಳಿದರು:

“ಮೇಡಂ, ಭಾನುವಾರ ಫ್ರೀ ಇದ್ದೀರಾ? ಫ್ರೇಜರ್ ಟೌನಲ್ಲಿ ನಮ್ಮ ಅಣ್ಣನ ಮಗನ ಮದುವೆ. ಈ ಸಲ ಹಳೇ ಸೀರೆ ಉಟ್ಕೊಂಡ್ಬನ್ನಿ.”