ರಜೆ ಅರ್ಜಿಯ ಪುಟ ಬೇರೆ ಮನೆ ಮಾಡಿದ ಬಗ್ಗೆ

ಸಂಖ್ಯೆ: ಆಡಳಿತ/ರಜೆ/ವಿಂಡೋ/17

ವಿಷಯ: ಬ್ರೌಸರ್‌ನಲ್ಲಿದ್ದ ರಜೆ ಅರ್ಜಿಯ ಪುಟವು ಸ್ವತಂತ್ರ ಪ್ರೋಗ್ರಾಮ್ ಆಗಿ ಡೆಸ್ಕ್‌ಟಾಪ್‌ಗೆ ಬಂದಿರುವ ಕುರಿತು.

ಉಲ್ಲೇಖ: 1. ಟಪಾಲು ಗುಮಾಸ್ತೆಯವರ ಮನವಿ. 2. ಸದರಿಯವರ ನೆನಪೋಲೆ. 3. ನೆನಪೋಲೆಯನ್ನು ನೆನಪಿಸುವ ಓಲೆ.

ರಜೆ ಅರ್ಜಿಯ ಪುಟವು ಈವರೆಗೆ ಬ್ರೌಸರ್‌ನಲ್ಲಿ ಇತರ ಮೂವತ್ತೊಂದು ಟ್ಯಾಬ್‌ಗಳೊಡನೆ ಕೂಡು ಕುಟುಂಬದಲ್ಲಿತ್ತು. ಟಪಾಲು ಗುಮಾಸ್ತೆಯವರು ಅಡುಗೆ ವಿಡಿಯೊ ಮುಚ್ಚಲು ಹೋಗಿ, ಅರ್ಧ ತುಂಬಿದ ತಮ್ಮ ಅರ್ಜಿಯನ್ನೇ ಮೂರು ಸಲ ಮುಚ್ಚಿದರು. ಆದಕಾರಣ ಕಂಪ್ಯೂಟರ್ ನೋಡಿಕೊಳ್ಳುವವರು ಸದರಿ ಪುಟಕ್ಕೆ ಗುಮಾಸ್ತೆಯವರ ಲ್ಯಾಪ್‌ಟಾಪ್‌ನಲ್ಲಿ ಪ್ರತ್ಯೇಕ ಐಕಾನ್, ಪ್ರತ್ಯೇಕ ವಿಂಡೋ ಮಾಡಿಕೊಟ್ಟಿರುತ್ತಾರೆ. ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಕೆಳಕಂಡಂತೆ ಸೂಚಿಸಲಾಗಿದೆ.

1. ಕತ್ತರಿ, ಅಂಟಿನ ಬಾಟಲಿಗಳಿಗೆ ಇರುವಂತೆ ಪ್ರತ್ಯೇಕ ವಿಂಡೋಗೂ ಒಬ್ಬರು ಉಸ್ತುವಾರಿ ಇರತಕ್ಕದ್ದು. ಕೇಳಿದವರ ತಲೆಗೇ ಕಟ್ಟುವ ಕಚೇರಿಯ ರೂಢಿಯಂತೆ ಇದನ್ನು ಟಪಾಲು ಗುಮಾಸ್ತೆಯವರಿಗೆ ವಹಿಸಲಾಗಿದೆ.

2. ಐಕಾನನ್ನು ಕಸದ ಬುಟ್ಟಿಯ ಪಕ್ಕದಲ್ಲಿ ಇರಿಸತಕ್ಕದ್ದಲ್ಲ. ಅರ್ಜಿದಾರರ ಎದೆ ಧಸಕ್ಕೆನ್ನುತ್ತದೆ.

3. ಈ ವಿಂಡೋದಲ್ಲಿ ಹಿಂದಕ್ಕೆ ಹೋಗುವ ಬಾಣವಿಲ್ಲ. ಒಳಹೊಗುವವರು ಮನೆಯಲ್ಲಿ ಒಂದು ಮಾತು ಹೇಳಿ ಬಂದು ಹೊಗತಕ್ಕದ್ದು.

4. ಇಂಟರ್ನೆಟ್ ಹೋದಾಗ ಇದೂ ಬಿಳಿಚಿಕೊಳ್ಳುತ್ತದೆ. ಆಗ ದಾಸ್ತಾನು ಗುಮಾಸ್ತರು, “ಸೊಸೆ ಬೇರೆ ಒಲೆ ಹೂಡಿದ್ಳಂತೆ, ಕೆಂಡ ಮಾತ್ರ ಅತ್ತೆ ಮನೆಯಿಂದ್ಲೇ ಬರ್ಬೇಕಂತೆ!” ಎಂದು ಹಂಗಿಸಿದ್ದು ಗಮನಕ್ಕೆ ಬಂದಿದೆ. ವಿಂಡೋದ ಎದುರು ಇಂಥ ಮಾತು ಆಡತಕ್ಕದ್ದಲ್ಲ.

5. ಉಸ್ತುವಾರಿಯ ಸಮ್ಮುಖದಲ್ಲಿ ಮಾತ್ರ ವಿಂಡೋ ತೆರೆಯತಕ್ಕದ್ದು. ವಿಂಡೋ ತೆರೆಯದ ದಿನ ಯಾರೂ ರಜೆಯಲ್ಲಿರುವಂತಿಲ್ಲ. ಆದ್ದರಿಂದ ಉಸ್ತುವಾರಿಯೂ ಎಂದಿಗೂ ರಜೆಯಲ್ಲಿರುವಂತಿಲ್ಲ.

6. ಗುರುವಾರ ಟಪಾಲು ಗುಮಾಸ್ತೆಯವರ ತಾಯಿಗೆ ಕಣ್ಣಿನ ಆಪರೇಷನ್ ಇದ್ದು, ಕೈ ಹಿಡಿದು ಕರೆದೊಯ್ಯಲು ಬೇರೆ ಯಾರೂ ಇರುವುದಿಲ್ಲ. “ನನ್ನ ರಜೆಗೆ ನಾನೇ ಬೀಗ ಆಗ್ಬಿಟ್ನಲ್ಲಾ ಸಾರ್” ಎಂದು ಅವರು ಮೌಖಿಕವಾಗಿ ನಿವೇದಿಸಿಕೊಂಡಿದ್ದನ್ನು ದಾಖಲಿಸಿಕೊಳ್ಳಲಾಗಿದೆ. ಆದರೆ ಕಂಡಿಕೆ 5 ಈಗಾಗಲೇ ಟೈಪ್ ಆಗಿರುವುದರಿಂದ ಬದಲಿಸಲು ಅವಕಾಶವಿಲ್ಲ.

7. ಕಡತ ತಿರುವಿ ನೋಡಲಾಗಿ, ಸದರಿ ವಿಂಡೋ ತಾನು ಬಂದ ದಿನದಿಂದ ಒಂದು ದಿನವೂ ರಜೆ ಪಡೆದಿಲ್ಲವೆಂದು ಕಂಡುಬಂದಿದೆ. ಆದ್ದರಿಂದ ಗುರುವಾರ, ಶುಕ್ರವಾರ ಸದರಿ ವಿಂಡೋಗೆ ರಜೆ ಮಂಜೂರು ಮಾಡಲಾಗಿದೆ. ಅದು ಒಂಟಿಯಾಗಿ ಪ್ರಯಾಣ ಮಾಡಲಾರದಾದ್ದರಿಂದ ಉಸ್ತುವಾರಿಯವರು ಲ್ಯಾಪ್‌ಟಾಪ್ ಸಹಿತ ಕಣ್ಣಿನ ಆಸ್ಪತ್ರೆಯ ಎರಡನೇ ಮಹಡಿಗೆ ಅದನ್ನು ಕರೆದೊಯ್ಯತಕ್ಕದ್ದು. ಇದನ್ನು ಕರ್ತವ್ಯವೆಂದೇ ಪರಿಗಣಿಸಲಾಗುವುದು.

8. ಆ ಎರಡು ದಿನ ಉಳಿದವರು ಬ್ರೌಸರ್‌ನ ಹಳೆಯ ಟ್ಯಾಬ್‌ನಲ್ಲೇ ಅರ್ಜಿ ಹಾಕಬಹುದು. ಎರಡೂ ಒಂದೇ ಪುಟ. ಈ ಸಂಗತಿಯನ್ನು ಯಾರೂ ಗಮನಿಸತಕ್ಕದ್ದಲ್ಲ.

(ಸಹಿ ಇದೆ)
ಆಡಳಿತಾಧಿಕಾರಿ

ಪ್ರತಿಗಳು:
1. ಬ್ರೌಸರ್‌ಗೆ, ಮನಸ್ತಾಪ ಬೇಡವೆಂಬ ಕೋರಿಕೆಯೊಂದಿಗೆ.
2. ಕಂಪ್ಯೂಟರ್ ನೋಡಿಕೊಳ್ಳುವವರಿಗೆ, ಇನ್ನು ಯಾರ ಮನೆಯನ್ನೂ ಒಡೆಯದಂತೆ.
3. ದಾಸ್ತಾನು ಗುಮಾಸ್ತರಿಗೆ, ಕಂಡಿಕೆ 4ನ್ನು ಮೂರು ಸಲ ಬರೆದು ತೋರಿಸಲು.
4. ಟಪಾಲು ಗುಮಾಸ್ತೆಯವರ ತಾಯಿಗೆ, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಸಾವಕಾಶವಾಗಿ ಓದಿಕೊಳ್ಳಲು.