ಬೀಗವಿಲ್ಲದ ವೈಫೈ

ಮನೆಯ ವೈಫೈಗೆ ಹಾಜರಿ ಪುಸ್ತಕ ಇಟ್ಟವರು ದೆಹಲಿಯ ಇಡೀ ದ್ವಾರಕಾ ಬಡಾವಣೆಯಲ್ಲಿ ನಮ್ಮ ಮಾಮ ಒಬ್ಬರೇ! ರಕ್ತಸಂಬಂಧವೇನಿಲ್ಲ, ನಾನು ಚಿಕ್ಕವಳಿದ್ದಾಗ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು; ಈಗ ಇಲ್ಲಿ ಒಂದೇ ಹೌಸಿಂಗ್ ಸೊಸೈಟಿಯವರು. ಸಚಿವಾಲಯದಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರ ಬಲಗೈ ಇನ್ನೂ ಫೈಲು ಹುಡುಕುತ್ತದೆ.

"ಇಂಟರ್ನೆಟ್ಟು ನಲ್ಲಿ ನೀರಿದ್ದ ಹಾಗೆ ಕಣಮ್ಮ. ಸಂವಿಧಾನದ ಇಪ್ಪತ್ತೊಂದನೇ ವಿಧಿ, ಜೀವಿಸೋ ಹಕ್ಕು! ಸರ್ಕಾರ ಕೊಡಬೇಕು. ಅದು ಕೊಡೋವರೆಗೆ ನಾನು ಕೊಡ್ತೀನಿ."

ಹಾಗಾಗಿ ಪಾಸ್‌ವರ್ಡ್ ಇಲ್ಲ. ನೆಟ್‌ವರ್ಕಿನ ಹೆಸರು 'ಅರವಟ್ಟಿಗೆ'. ಆದರೆ ಶಿಸ್ತು ಬೇಡವೇ? ಅವರ ಬಾಗಿಲ ಹೊರಗೆ ಬೆಂಚು, ದಾರ ಕಟ್ಟಿದ ಪೆನ್ನು, ಒಂದು ರಿಜಿಸ್ಟರು: ಹೆಸರು, ಸಮಯ, ಉದ್ದೇಶ, ಷರಾ. ಷರಾ ಮಾಮನಿಗೇ ಮೀಸಲು. ಗೇಟಿನ ಬಿಹಾರಿ ಕಾವಲುಗಾರ ತನ್ನ ಹಸುಗೂಸನ್ನು ಫೋನಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಒಂದು ದಿನ 'ಉದ್ದೇಶ'ದಲ್ಲಿ ಬರೆದಿದ್ದ: "ಮಗಳು ಬೋರಲು ಬಿದ್ದಳು." ಮಾಮನ ಷರಾ: "ನೋಡಲಾಗಿದೆ. ಸಂತೋಷ."

ಅಷ್ಟರಲ್ಲಿ ಸೊಸೈಟಿಯ ಕಾರ್ಯದರ್ಶಿಯ ನೋಟಿಸು ಬಂತು: ಭಾನುವಾರದೊಳಗೆ ಪಾಸ್‌ವರ್ಡ್ ಹಾಕಿ, ಇಲ್ಲವಾದರೆ ಕೇಬಲ್ ಕಟ್!

"ಇನ್ನು ಛಠ್ ಹಬ್ಬಕ್ಕೆ ರಜೆ ಸಿಕ್ಕಿ ಊರಿಗೆ ಹೋದರೇನೇ ಮಗಳ ಮುಖ, ಸಾಬ್," ಎಂದ ಕಾವಲುಗಾರ.

ಭಾನುವಾರ ಸಭೆ. "ಅಂಕಲ್‌ಜೀ, ಯಾರ್ಯಾರೋ ಬಂದು ಕೂರ್ತಾರೆ. ಮರ್ಯಾದಸ್ಥರು ಒಬ್ಬರಾದರೂ ಬರ್ತಾರಾ?" ಎಂದು ಗುಡುಗಿದರು ಕಾರ್ಯದರ್ಶಿ.

ಮಾಮ ರಿಜಿಸ್ಟರಿನ ಒಂದು ಪುಟ ತೆರೆದು ಅವರೊಬ್ಬರಿಗೇ ಕಾಣುವಂತೆ ಹಿಡಿದರು. ನಾನು ಇಣುಕದೆ ಇರುತ್ತೇನೆಯೇ? ಹೆಸರು: ಕಾರ್ಯದರ್ಶಿಯ ತಾಯಿ. ಉದ್ದೇಶ: ಸೊಸೆಗೆ ಕೇಳದ ಹಾಗೆ ಮಗಳ ಜೊತೆ ಮಾತು. ಷರಾ: ಗೋಪ್ಯ.

ನೋಟಿಸು ಅಲ್ಲೇ ವಾಪಸ್. ಬೆಂಚಿಗೊಂದು ಫ್ಯಾನೂ ಮಂಜೂರು!

"ಅಲ್ಲ ಮಾಮ, ಇಷ್ಟು ಹಟ ಯಾಕೆ?" ಎಂದೆ.

"ಲೋಧಿ ಕಾಲೋನೀಲಿ ನಿಮ್ಮನೆ ಫೋನಿನ ಡಯಲಿಗೆ ಬೀಗ ಇತ್ತಲ್ಲಮ್ಮ."

"ಸುಳ್ಳು! ಅಪ್ಪ ಎಲ್ಲರಿಗೂ ಫೋನ್ ಕೊಡ್ತಿದ್ರು." ಎಷ್ಟು ಜನರಿಗೆ ಹೇಳಿದ್ದೇನೆ ಇದನ್ನು! ಕಂಡದ್ದೋ, ಹೇಳಿ ಹೇಳಿ ನಂಬಿದ್ದೋ?

"ಇತ್ತು. ಊರಲ್ಲಿ ನನ್ನವಳಿಗೆ ಹೆರಿಗೆ ನೋವು. ನಿಮ್ಮಪ್ಪ ಆಫೀಸಲ್ಲಿ, ಕೀ ಅವರ ಜೇಬಲ್ಲಿ. ನಿಮ್ಮಮ್ಮ ಮುಡಿಯಿಂದ ಪಿನ್ನು ಕಿತ್ತು ಬೀಗ ತೆಗೆದರು. ಯಾಕೆ, ಏನು ಅಂತ ಒಂದು ಮಾತು ಕೇಳಲಿಲ್ಲ."

ನನ್ನ ನೆನಪನ್ನು ನಾನು ನಂಬುವುದಿಲ್ಲ. ಬೆಂಚಿನಲ್ಲಿ ಕೂತು ರಿಜಿಸ್ಟರಿನಲ್ಲಿ ಬರೆದೆ. ಉದ್ದೇಶ: ಅಮ್ಮ.

ಮೈಸೂರಿನ ತಂಗಿ ಮನೆಯಿಂದ ಅಮ್ಮ ಎಲ್ಲ ಕೇಳಿಸಿಕೊಂಡಳು. ನಗುತ್ತಾ ಬಿಳಿ ತುರುಬಿನಿಂದ ಒಂದು ಪಿನ್ನು ಕಿತ್ತು ಪರದೆಗೆ ಹಿಡಿದಳು.

ಷರಾ ಬರೆಯಲು ಪೆನ್ನೆತ್ತಿದ್ದ ಮಾಮ, ಅದನ್ನು ಕೆಳಗಿಟ್ಟು, ಎದ್ದು ನಿಂತು ಕೈ ಮುಗಿದರು.