ಜೋಳವಿಲ್ಲದ ರಸ್ತೆಯಲ್ಲಿ ನಮ್ಮ ಕಾರು

ಡೈರಿ ಬರೆಯುವವರ ಮಾತನ್ನು ಪೂರ್ತಿ ನಂಬಬಾರದು. ಹೈಸ್ಕೂಲಿನಿಂದ ಡೈರಿ ಬರೆಯುತ್ತಿರುವ ನಾನೇ ಹೀಗೆ ಹೇಳುತ್ತಿರುವುದರಿಂದ, ಈ ಮಾತನ್ನಾದರೂ ನಂಬಬೇಕೋ ಬೇಡವೋ ನೀವೇ ತೀರ್ಮಾನಿಸಿ. ನನ್ನ ಡೈರಿಯ ಪ್ರಕಾರ ನಾನು ಎಂದೂ ಬಸ್ಸು ತಪ್ಪಿಸಿಕೊಂಡವಳಲ್ಲ. ಬಸ್ಸುಗಳೇ ಐದು ನಿಮಿಷ ಮೊದಲು ಹೊರಟಿವೆ. ಸಾರಿಗೆ ಉಪ್ಪು ಹೆಚ್ಚಾದ ದಿನಗಳಲ್ಲೆಲ್ಲ ಅಕ್ಕನೇ ಅಡುಗೆ ಮಾಡಿದ್ದಾಳೆ. ಅಂಥ ಡೈರಿಯ ಒಂದು ಪುಟದಲ್ಲಿ ದಪ್ಪ ಅಕ್ಷರದಲ್ಲಿ, ಅಡಿಗೆರೆ ಸಮೇತ, 'ಜೋಳದ ತಪ್ಪು ಬಸುವಿನದು' ಎಂದಿದೆ.

ಆಗ ನಾನು ಶಿಕಾರಿಪುರದಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗೆ ನಾನು, ಹೊಸಬಾಳೆಯಿಂದ ಬರುತ್ತಿದ್ದ ನಯನ, ಊರಿನವನೇ ಆದ ಬಸು, ಹೀಗೆ ಮೂವರ ತಂಡ. ಉಳಿದವರೆಲ್ಲ ಹಾಜರಾತಿ ಪುಸ್ತಕ, ಗ್ರಂಥಾಲಯದ ಪಟ್ಟಿ ಎಂದು ಮರ್ಯಾದಸ್ಥ ವಿಷಯಗಳನ್ನು ಹಿಡಿದರೆ, ನಾವು ತಾನೇ ಓಡುವ ಪುಟಾಣಿ ಕಾರು ಮಾಡುತ್ತೇವೆಂದು ಬರೆದುಕೊಟ್ಟೆವು. ಮೂವರಲ್ಲಿ ಒಬ್ಬರಿಗೂ ಕಾರು ಓಡಿಸಲು ಬರುವುದಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಆಟದ ಕಾರಿನ ನೆತ್ತಿಗೆ ಒಂದು ಕ್ಯಾಮೆರಾ, ಬೆನ್ನಿಗೆ ಅಂಗೈಯಗಲದ ಕಂಪ್ಯೂಟರು. ನಾವು ರಿಮೋಟ್ ಹಿಡಿದು ಓಡಿಸಬೇಕು. ಎಲ್ಲಿ ಏನು ಕಂಡಾಗ ಹೇಗೆ ತಿರುಗಿಸಿದೆವು ಎಂಬುದನ್ನು ಅದು ನೋಡಿ ಕಲಿಯಬೇಕು, ಹೊಸ ಸೊಸೆ ಅತ್ತೆಯ ಕೈ ನೋಡಿ ಅಡುಗೆ ಕಲಿತ ಹಾಗೆ. ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಯಾರೂ ಮುಟ್ಟದೆ ಒಂದು ಸುತ್ತು ಬಂದರೆ ಮೂವರೂ ಪಾಸು, ಇಲ್ಲವಾದರೆ ಮೂವರೂ ಫೇಲು. "ಫೇಲಾದ್ರ ನಮ್ಮಪ್ಪ ನನ್ನ ಮಂಡ್ಯಾಗ ಚೀಲ ಎಣ್ಸಾಕ ಕೂರಸ್ತಾನ," ಎಂದು ಬಸು ದಿನಕ್ಕೆರಡು ಸಲ ಹೇಳುತ್ತಿದ್ದ. ಅವನಪ್ಪನದು ಮಾರುಕಟ್ಟೆ ಹತ್ತಿರ ಕಾಳಿನ ಮಂಡಿ.

ಕಾಲೇಜಿನ ಅಂಗಳದಲ್ಲಿ ಕ್ರಿಕೆಟ್ಟು, ಸಭಾಂಗಣಕ್ಕೆ ಬೀಗ. ಹಾಗಾಗಿ ಕಾರಿನ ವಿದ್ಯಾಭ್ಯಾಸ ಹೊಸಬಾಳೆಯಲ್ಲಿ, ನಯನಳ ಮನೆಯೆದುರಿನ ಹೊಸ ಡಾಂಬರು ರಸ್ತೆಯಲ್ಲಿ ನಡೆಯಿತು. ಸುಗ್ಗಿಯ ಕಾಲ. ರಸ್ತೆಯ ಎಡಗಡೆ ಉದ್ದಕ್ಕೂ ಮೆಕ್ಕೆಜೋಳ ಹರವಿದ್ದರು. ನಯನಳ ತಾಯಿ ಉದಾರವಾಗಿ, "ಕಾರಿಗೆ ರಸ್ತೆ ಬೇಕನ್ರೇ? ಅರ್ಧ ನೀವು ತಗಳಿ, ಅರ್ಧ ನಂದು," ಎಂದರು. ಜೋಳ ಸರಿಸೋಣವೇ ಎಂದು ನಯನ ಕೇಳಿದ್ದಳು; ಬೇಡವೆಂದದ್ದು ಬಸು (ನೋಡಿ, ಡೈರಿ, ಅದೇ ಪುಟ). ಮೂರನೆಯ ಭಾನುವಾರ ಕಾರು ತಾನಾಗಿಯೇ ಜೋಳದ ಅಂಚು ಹಿಡಿದು, ತಿರುವಿನಲ್ಲಿ ತಿರುಗಿ, ಆ ತುದಿಯವರೆಗೆ ಹೋಯಿತು. ನಾವು ನಡುರಸ್ತೆಯಲ್ಲಿ ಕೈ ಕೈ ಹಿಡಿದು ಕುಣಿದೆವು. "ಒಂದು ಕಾಳೂ ತುಳೀಲಿಲ್ಲ ನೋಡು! ಈ ಬುದ್ಧಿ ನಮ್ಮ ಕೋಳಿಗಿಲ್ಲ," ಎಂದು ನಯನಳ ತಾಯಿ ಪ್ರಮಾಣಪತ್ರ ಕೊಟ್ಟರು. ಆ ಮಾತಿನಲ್ಲೇ ಎಚ್ಚರಿಕೆಯೂ ಇತ್ತು, ಕುಣಿಯುವವರಿಗೆ ಕೇಳಿಸಲಿಲ್ಲ.

ಪರೀಕ್ಷೆಯ ದಿನ ಅಂಗಳದ ಸಿಮೆಂಟಿನ ಮೇಲೆ ಎರಡು ಬಿಳಿ ಪಟ್ಟಿ ಅಂಟಿಸಿ ದುಂಡನೆಯ ದಾರಿ ಮಾಡಿದ್ದರು. ಪರೀಕ್ಷಕಿ ಕಟ್ಟುನಿಟ್ಟಿನ ಹೆಂಗಸು. ಉಟ್ಟಿದ್ದು ಹಳದಿ ಸೀರೆ. ಕಾರನ್ನು ಬಿಟ್ಟೆವು. ಅದು ಬಿಳಿ ಪಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಆಚೀಚೆ ಹುಡುಕಿ, ಸೀರೆ ಕಂಡದ್ದೇ ಓಡಿಹೋಗಿ, ಅದನ್ನು ಎಡಕ್ಕೆ ಇಟ್ಟುಕೊಂಡು ಗೇಣು ದೂರದಲ್ಲಿ ಅಪ್ರದಕ್ಷಿಣೆ ಹಾಕತೊಡಗಿತು. ಮೇಡಂ ಎರಡು ಹೆಜ್ಜೆ ಸರಿದರೆ ಕಾರೂ ಸರಿಯಿತು. ಬೇಗ ನಡೆದರೆ ಅದೂ ಬೇಗ.

"ಏನ್ರೀ ಇದು? ನನ್ನನ್ನ್ಯಾಕೆ ಸುತ್ತುತ್ತಿದೆ?"

"ಜೋಳ ಅನ್ಕೊಂಡಿದೆ ಮೇಡಂ," ಎಂದಳು ನಯನ. ಇದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ. ಇದಕ್ಕಿಂತ ನಿಜವಾದದ್ದೂ ಇರಲಿಲ್ಲ.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದು ಬಿಕ್ಕಳಿಕೆ ಶುರುವಾಯಿತು. ಬಸು ಮಾತ್ರ ಬೈಕು ಹತ್ತಿ ಹೋದವನು ಕಾಲು ಗಂಟೆಯಲ್ಲಿ ಅಪ್ಪನ ಮಂಡಿಯಿಂದ ಒಂದು ಚೀಲ ಜೋಳ ತಂದು ಎಡಗಡೆಯ ಪಟ್ಟಿಯ ಮೇಲೆ ಸುತ್ತಲೂ ಸುರಿದ. ಕಾರು ಒಮ್ಮೆ ತಡವರಿಸಿತು. ಆಮೇಲೆ, ತವರಿನ ದಾರಿ ಕಂಡ ಹಾಗೆ, ಜೋಳದ ಅಂಚು ಹಿಡಿದು ಒಂದು ಸುತ್ತನ್ನು ಚೊಕ್ಕವಾಗಿ ಮುಗಿಸಿತು. ಕ್ರಿಕೆಟ್ಟಿನವರೂ ಶಿಳ್ಳೆ ಹಾಕಿದರು.

ಮೇಡಂ ಕನ್ನಡಕ ತೆಗೆದು, "ಎಲ್ಲಾ ರಸ್ತೆಗೂ ಜೋಳ ಹಾಕೋಕಾಗುತ್ತಾ?" ಎಂದು ಕೇಳಿದರು.

"ನಮ್ಮ ಕಡೆ ಹಾಕೇ ಇರ್ತಾರ್ರೀ ಮೇಡಂ," ಎಂದ ಬಸು.

ಅವರು ನಕ್ಕುಬಿಟ್ಟರು. ಪಾಸು ಮಾಡಿದ್ದು ಕಾರಿಗೋ ಆ ಉತ್ತರಕ್ಕೋ, ಇವತ್ತಿಗೂ ಗೊತ್ತಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಡೈರಿಯ ಮಾನ ಉಳಿಯುತ್ತಿತ್ತು. ಮೊನ್ನೆ ನಯನ ತನ್ನ ಹಳೆಯ ಫೋನಿನಲ್ಲಿದ್ದ ವಿಡಿಯೋ ತೋರಿಸಿದಳು. ಹೊಸಬಾಳೆಯ ರಸ್ತೆ, ಜೋಳ, ಪೊರಕೆ ಹಿಡಿದು ಸರಿಸಲು ಬಗ್ಗಿದ ಬಸು. ಹಿಂದಿನಿಂದ ನನ್ನದೇ ದನಿ: "ಇರ್ಲಿ ಬಿಡೋ ಬಸು, ರಸ್ತೆ ಅಂದ್ಮೇಲೆ ಜೋಳ ಇರೋದೇ!" ಮೂರು ಸಲ ಹಾಕಿಸಿಕೊಂಡು ನೋಡಿದೆ. ಮೂರು ಸಲವೂ ನಾನೇ ಹೇಳಿದೆ.

ಅದೇ ಬೇಸರದಲ್ಲಿ ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಸೊರಬದ ಕಡೆ ಹೊರಟೆ. ಸುಗ್ಗಿ ಮುಗಿದು ರಸ್ತೆ ಗುಡಿಸಿದಂತೆ ಖಾಲಿ ಇತ್ತು. ಎದುರಿನಿಂದ ಬಂದ ಬಸ್ಸು ಅಷ್ಟುದ್ದ ಹಾರ್ನ್ ಹೊಡೆಯಿತು. ನಯನ ಬೆನ್ನಿಗೆ ಗುದ್ದಿ ಕೂಗಿದಳು: "ಎಡಕ್ಕೆ ಹೋಗೇ ಮಾರಾಯ್ತಿ! ಜೋಳ ತೆಗ್ದು ತಿಂಗಳಾಯ್ತು!"

ಎಡಕ್ಕೆ ಹೋದೆ. ಡೈರಿಯಲ್ಲಿ ಮಾತ್ರ ಆ ದಿನ ಸ್ಕೂಟಿ ಓಡಿಸುತ್ತಿದ್ದವಳು ನಯನ.